ವಲಸೆ ತಪಾಸಣೆ ಮತ್ತು ಸಾಮಾನ್ಯ ಅಪರಾಧ: ನಮ್ಮ ಜಿಲ್ಲೆಯ ಪೊಲೀಸ್ ಆದ್ಯತೆಯನ್ನು ದಾಖಲೆ ಹಿಡಿದು ತಿಳಿಯುವ ಕ್ರಮ

ಅಕ್ರಮವಾಗಿ ದೇಶದೊಳಗೆ ಬಂದು ನೆಲೆಸಿದವರ ಪತ್ತೆಗೆ ಸರ್ಕಾರ ಹೆಚ್ಚು ಗಮನ ಕೊಡಬೇಕೋ, ಮನೆಗಳ್ಳತನ, ಸರಗಳ್ಳತನ, ಅಡಿಕೆ ಕಳವು, ಸೈಬರ್ ವಂಚನೆಗಳಂತಹ ದಿನನಿತ್ಯದ ಅಪರಾಧಗಳಿಗೆ ಹೆಚ್ಚು ಗಮನ ಕೊಡಬೇಕೋ ಎಂಬ ಚರ್ಚೆ ದೆಹಲಿ, ಬೆಂಗಳೂರುಗಳನ್ನು ದಾಟಿ ದಾವಣಗೆರೆ, ಚಿತ್ರದುರ್ಗಗಳ ಬಡಾವಣೆಗಳಿಗೂ ಬಂದಿದೆ. ಮಾತನಾಡುವವರಲ್ಲಿ ಹೆಚ್ಚಿನವರು ಭಾಷಣವನ್ನೋ ಪತ್ರಿಕೆಯ ತಲೆಬರಹವನ್ನೋ ನಂಬಿ ಮಾತನಾಡುತ್ತಾರೆ. ಒಂದು ಠಾಣೆಯ ಸಿಬ್ಬಂದಿ ಕಳೆದ ವರ್ಷ ಯಾವ ಕೆಲಸಕ್ಕೆ ಎಷ್ಟು ದಿನ ಹೋದರು, ಯಾವ ಬಗೆಯ ಪ್ರಕರಣ ನ್ಯಾಯಾಲಯದವರೆಗೆ ಮುಟ್ಟಿತು, ಯಾವುದು ಪತ್ತೆಯಾಗದೆ ಕಡತದಲ್ಲೇ ಉಳಿಯಿತು ಎಂಬುದನ್ನು ನೋಡಿದರೆ ಮಾತ್ರ ಆದ್ಯತೆ ಏನೆಂದು ಗೊತ್ತಾಗುತ್ತದೆ. ಈ ಮಾಹಿತಿಯ ದೊಡ್ಡ ಪಾಲನ್ನು ಕಾನೂನಿನ ದಾರಿಯಲ್ಲೇ ಸಾಮಾನ್ಯ ನಾಗರಿಕರು ಪಡೆಯಬಹುದು. ಬಡಾವಣೆಯ ನಾಗರಿಕ ಸಮಿತಿಯವರು, ಕಾಲೇಜು ವಿದ್ಯಾರ್ಥಿಗಳು, ಸ್ಥಳೀಯ ವರದಿಗಾರರು, ಹೊರರಾಜ್ಯದ ಕಾರ್ಮಿಕರಿಗೆ ಮನೆ ಅಥವಾ ಕೆಲಸ ಕೊಟ್ಟಿರುವವರು ಈ ಕೆಲಸವನ್ನು ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಯಾವ ಕೆಲಸ ಯಾರದು

ಮೊದಲು ಹೊಣೆ ಯಾರದೆಂದು ತಿಳಿದುಕೊಳ್ಳಬೇಕು, ಇಲ್ಲವಾದರೆ ತಪ್ಪು ಕಚೇರಿಗೆ ತಪ್ಪು ಪ್ರಶ್ನೆ ಹೋಗುತ್ತದೆ. ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 17ನೆಯ ನಮೂದು ಪೌರತ್ವ ಮತ್ತು ವಿದೇಶಿಯರಿಗೆ ಸಂಬಂಧಿಸಿದ್ದು, 19ನೆಯ ನಮೂದು ದೇಶದೊಳಗೆ ಪ್ರವೇಶ, ದೇಶದಿಂದ ಹೊರಹಾಕುವಿಕೆ, ಪಾಸ್‌ಪೋರ್ಟ್ ಮತ್ತು ವೀಸಾಗಳಿಗೆ ಸಂಬಂಧಿಸಿದ್ದು. ರಾಜ್ಯ ಪಟ್ಟಿಯ ಮೊದಲೆರಡು ನಮೂದುಗಳು ಸಾರ್ವಜನಿಕ ಸುವ್ಯವಸ್ಥೆ ಮತ್ತು ಪೊಲೀಸ್. ಕಾಗದದ ಮೇಲೆ ವಲಸೆ ಕೇಂದ್ರದ್ದು, ಕಳ್ಳತನ ರಾಜ್ಯದ್ದು ಎಂದು ಚೊಕ್ಕಟವಾಗಿ ಹಂಚಿಕೆಯಾಗಿದೆ. ಆದರೆ ಅಕ್ರಮ ವಿದೇಶಿಯರನ್ನು ಗುರುತಿಸಿ ಹೊರಗೆ ಕಳುಹಿಸುವ ತನ್ನ ಅಧಿಕಾರವನ್ನು ಕೇಂದ್ರ ಸರ್ಕಾರ 258ನೆಯ ವಿಧಿಯ ಅಡಿಯಲ್ಲಿ 1958ರಲ್ಲೇ ರಾಜ್ಯಗಳಿಗೂ ವಹಿಸಿಕೊಟ್ಟಿದೆ. ಬೆಂಗಳೂರಿನಂತಹ ನಗರಗಳಲ್ಲಿ ವಿದೇಶಿಯರ ನೋಂದಣಿಗೆ ಪ್ರತ್ಯೇಕ ಪ್ರಾದೇಶಿಕ ಕಚೇರಿ ಇದೆ. ನಮ್ಮಂತಹ ಜಿಲ್ಲೆಗಳಲ್ಲಿ ಆ ಜವಾಬ್ದಾರಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರ ಮೇಲೆಯೇ ಬರುತ್ತದೆ. ಹೀಗಾಗಿ ಕೇಂದ್ರ ಗೃಹ ಸಚಿವಾಲಯ ವಲಸೆ ತಪಾಸಣೆಯನ್ನು ಚುರುಕುಗೊಳಿಸಬೇಕೆಂದು ಸೂಚನೆ ಕೊಟ್ಟಾಗ ಆ ಕೆಲಸಕ್ಕೆ ಹೊಸ ಸಿಬ್ಬಂದಿ ಬರುವುದಿಲ್ಲ. ದಾವಣಗೆರೆಯ ಬಸವನಗರದಲ್ಲೋ ಕೆ.ಟಿ.ಜೆ. ನಗರದಲ್ಲೋ ರಾತ್ರಿ ಗಸ್ತು ತಿರುಗುವ ಪೇದೆಯೇ ಹಗಲು ಕಾರ್ಮಿಕರ ಶೆಡ್ಡಿಗೆ ಹೋಗಿ ಆಧಾರ್ ಚೀಟಿಯ ಫೋಟೊ ತೆಗೆದುಕೊಳ್ಳುತ್ತಾರೆ. ಕೇಂದ್ರ ಮತ್ತು ರಾಜ್ಯಗಳೆರಡೂ ಒಂದೇ ಠಾಣೆಯ, ಒಂದೇ ಜನರ ಸಮಯವನ್ನು ಕೇಳುತ್ತಿವೆ ಎಂಬುದೇ ಈ ಇಡೀ ಚರ್ಚೆಯ ತಿರುಳು ಎಂದು ನಾನು ಭಾವಿಸುತ್ತೇನೆ.

ಕಾನೂನು ಕೂಡ ಈಚೆಗೆ ಬದಲಾಗಿದೆ. ವಲಸೆ ಮತ್ತು ವಿದೇಶಿಯರ ಕಾಯ್ದೆ, 2025 ಎಂಬುದು 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದು, 1920, 1939, 1946 ಮತ್ತು 2000ನೆಯ ಇಸವಿಗಳ ನಾಲ್ಕು ಹಳೆಯ ಕಾಯ್ದೆಗಳ ಜಾಗವನ್ನು ಪಡೆದಿದೆ. ಸರಿಯಾದ ಪಾಸ್‌ಪೋರ್ಟ್ ಅಥವಾ ವೀಸಾ ಇಲ್ಲದೆ ಒಳಬಂದವರಿಗೆ ಐದು ವರ್ಷಗಳವರೆಗೆ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ, ನಕಲಿ ಪಾಸ್‌ಪೋರ್ಟ್ ಅಥವಾ ವೀಸಾ ಬಳಸಿದವರಿಗೆ ಎರಡರಿಂದ ಏಳು ವರ್ಷ ಸೆರೆವಾಸವನ್ನು, ವೀಸಾ ಅವಧಿ ಮುಗಿದರೂ ಉಳಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನು ಅದು ವಿಧಿಸುತ್ತದೆ. ತಾನು ವಿದೇಶಿಯನಲ್ಲ ಎಂದು ಸಾಬೀತುಪಡಿಸುವ ಹೊಣೆ ಹಳೆಯ ಕಾಯ್ದೆಯಲ್ಲಿದ್ದಂತೆ ಈಗಲೂ ಆ ವ್ಯಕ್ತಿಯ ಮೇಲೆಯೇ ಇದೆ. ಸಾಮಾನ್ಯ ಅಪರಾಧಗಳಲ್ಲಿ ಆರೋಪವನ್ನು ಸಾಬೀತುಪಡಿಸುವ ಭಾರ ಸರ್ಕಾರದ್ದು. ಭಾರ ಹೀಗೆ ತಿರುವುಮುರುವಾಗಿರುವುದರಿಂದ ತಪಾಸಣೆ ನಡೆಸುವವರ ಎಚ್ಚರವೂ, ಅದನ್ನು ಗಮನಿಸುವ ನಾಗರಿಕರ ಎಚ್ಚರವೂ ಹೆಚ್ಚಾಗಿರಬೇಕು.

ಅಂಕಿಗಳು ಹುಟ್ಟುವ ಬಗೆ

ಸರ್ಕಾರದ ಆದ್ಯತೆಯನ್ನು ಅಳೆಯಲು ಹೊರಟವರು ಸಾಮಾನ್ಯವಾಗಿ ಎರಡು ಬಗೆಯ ಪ್ರಕರಣಗಳ ಸಂಖ್ಯೆಯನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಆದರೆ ಆ ಎರಡು ಸಂಖ್ಯೆಗಳು ಹುಟ್ಟುವ ರೀತಿಯೇ ಬೇರೆ. ಕಳ್ಳತನದ ಪ್ರಕರಣ ದಾಖಲಾಗುವುದು ಕಳೆದುಕೊಂಡವರು ಠಾಣೆಯ ಮೆಟ್ಟಿಲು ಹತ್ತಿ ದೂರು ಕೊಟ್ಟಾಗ. ಅಕ್ರಮ ವಾಸದ ಪ್ರಕರಣದಲ್ಲಿ ದೂರುದಾರರು ಬಹುತೇಕ ಇರುವುದಿಲ್ಲ. ಪೊಲೀಸರೇ ಹುಡುಕಿಕೊಂಡು ಹೋದಾಗ ಅದು ದಾಖಲಾಗುತ್ತದೆ. ಇಸ್ಪೀಟು, ಮಟ್ಕಾ, ಅಕ್ರಮ ಮದ್ಯದ ಪ್ರಕರಣಗಳೂ ಇದೇ ಜಾತಿಯವು. ಒಂದು ವರ್ಷ ವಿದೇಶಿಯರ ಮೇಲಿನ ಪ್ರಕರಣಗಳು ಎರಡು ಪಟ್ಟಾದರೆ ಅಕ್ರಮ ವಲಸಿಗರು ಎರಡು ಪಟ್ಟಾದರು ಎಂದು ಹೇಳಲಾಗದು, ಹುಡುಕಾಟ ಹೆಚ್ಚಾಯಿತು ಎಂದು ಮಾತ್ರ ಹೇಳಬಹುದು. ಕಳ್ಳತನದ ಪ್ರಕರಣಗಳು ಕಡಿಮೆಯಾದರೆ ಕಳ್ಳರು ಕಡಿಮೆಯಾಗಿರಬಹುದು, ದೂರು ದಾಖಲಿಸಿಕೊಳ್ಳುವುದು ಕಡಿಮೆಯಾಗಿರಲೂಬಹುದು. ಈ ಒಂದು ಭೇದವನ್ನು ಗಟ್ಟಿಯಾಗಿ ಹಿಡಿದುಕೊಂಡವರು ಮುಂದೆ ಯಾವ ತಖ್ತೆ (ಅಂಕಿಪಟ್ಟಿ) ಕೈಗೆ ಬಂದರೂ ದಾರಿ ತಪ್ಪುವುದಿಲ್ಲ.

ನಮ್ಮ ಎರಡು ಜಿಲ್ಲೆಗಳಲ್ಲಿ 2024ರ ಅಕ್ಟೋಬರ್, ನವೆಂಬರ್‌ಗಳಲ್ಲಿ ಕೆಲವೇ ವಾರಗಳ ಅಂತರದಲ್ಲಿ ನಡೆದ ಎರಡು ಪ್ರಕರಣಗಳನ್ನು ಜೊತೆಗಿಟ್ಟು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಕ್ಟೋಬರ್ ಕೊನೆಯಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಬ್ಯಾಂಕ್ ಶಾಖೆಯೊಂದರಿಂದ 17 ಕಿಲೊಗಿಂತ ಹೆಚ್ಚು ಚಿನ್ನ ಕಳುವಾಯಿತು. ಅದು ಊರಿನ ರೈತರು, ಗೃಹಿಣಿಯರು ಸಾಲಕ್ಕಾಗಿ ಅಡವಿಟ್ಟಿದ್ದ ಒಡವೆ. ಮರುತಿಂಗಳು ಚಿತ್ರದುರ್ಗ ನಗರದಲ್ಲಿ ಪೊಲೀಸರು ಆರು ಮಂದಿ ಬಾಂಗ್ಲಾದೇಶಿಯರನ್ನು ಬಂಧಿಸಿದರು. ಅವರು ನಕಲಿ ದಾಖಲೆಗಳೊಂದಿಗೆ ಕೆಲಸ ಹುಡುಕಿಕೊಂಡು ಬಂದವರು ಎಂದು ಪೊಲೀಸರು ತಿಳಿಸಿದರು. ಎರಡನೆಯ ಪ್ರಕರಣದಲ್ಲಿ ಪತ್ತೆ ಮತ್ತು ಬಂಧನ ಒಟ್ಟಿಗೇ ಆದವು. ಮೊದಲನೆಯದಕ್ಕೆ ಐದು ತಿಂಗಳು ಹಿಡಿಯಿತು, ಪೊಲೀಸ್ ತಂಡಗಳು ರಾಜ್ಯ ರಾಜ್ಯ ಸುತ್ತಿದವು, ಕೊನೆಗೆ 2025ರ ಮಾರ್ಚ್ ಅಂತ್ಯದಲ್ಲಿ ಆರೋಪಿಗಳ ಬಂಧನವಾಗಿ, ತಮಿಳುನಾಡಿನ ಮಧುರೈ ಜಿಲ್ಲೆಯ ಉಸಿಲಂಪಟ್ಟಿ ಭಾಗದ ಬಾವಿಯೊಂದರಿಂದ ಚಿನ್ನವನ್ನು ಮೇಲೆತ್ತಲಾಯಿತು. ಪ್ರಮುಖ ಆರೋಪಿಗಳು ನ್ಯಾಮತಿ ಭಾಗದಲ್ಲಿ ಬಹಳ ವರ್ಷಗಳಿಂದ ಸಿಹಿತಿಂಡಿ ವ್ಯಾಪಾರ ಮಾಡಿಕೊಂಡಿದ್ದವರು ಎಂದು ತನಿಖೆಯಲ್ಲಿ ಹೊರಬಂತು. ಯಾರ ಗುರುತಿನ ಚೀಟಿಯನ್ನು ಪರಿಶೀಲಿಸಿದ್ದರೂ ಆ ಕಳವು ತಪ್ಪುತ್ತಿರಲಿಲ್ಲ, ಏಕೆಂದರೆ ಅವರು ವಿದೇಶಿಯರಾಗಿರಲಿಲ್ಲ. ತಖ್ತೆಯಲ್ಲಿ ಎರಡೂ ತಲಾ ಒಂದೊಂದು ಪ್ರಕರಣವಾಗಿಯೇ ಕಾಣುತ್ತವೆ. ಒಂದರ ಹಿಂದೆ ಐದು ತಿಂಗಳ ದುಡಿಮೆ ಇದೆ ಎಂಬುದನ್ನು ಆ ಅಂಕಿ ತೋರಿಸುವುದಿಲ್ಲ.

ಚಿತ್ರದುರ್ಗದಂತಹ ಪ್ರಕರಣ ಬಂಧನದೊಂದಿಗೆ ಮುಗಿಯುವುದೂ ಇಲ್ಲ. ಬಂಧಿತರು ತಮ್ಮ ಪ್ರಜೆಗಳು ಎಂದು ಆ ದೇಶದ ರಾಯಭಾರ ಕಚೇರಿ ಒಪ್ಪಿ, ಪ್ರಯಾಣ ದಾಖಲೆ ಕೊಡುವವರೆಗೆ ಅವರನ್ನು ಕ್ರಮವಾಗಿ ಕಳುಹಿಸಲು ಬರುವುದಿಲ್ಲ. ಅಲ್ಲಿಯವರೆಗೆ ಅವರನ್ನು ಇರಿಸಲು ರಾಜ್ಯದಲ್ಲಿ ನೆಲಮಂಗಲದ ಬಳಿ ಸೊಂಡೆಕೊಪ್ಪದ ಕೇಂದ್ರವಿದೆ. ಆದ್ದರಿಂದ ‘ಎಷ್ಟು ಜನರನ್ನು ಹಿಡಿದಿರಿ’ ಎಂದು ಕೇಳಿ ಸುಮ್ಮನಾಗದೆ, ‘ಎಷ್ಟು ಜನರ ರಾಷ್ಟ್ರೀಯತೆ ಖಚಿತವಾಯಿತು, ಎಷ್ಟು ಜನ ಹಿಂತಿರುಗಿದರು, ಎಷ್ಟು ಜನ ಭಾರತೀಯರೆಂದೇ ತಿಳಿದು ಬಿಡುಗಡೆಯಾದರು’ ಎಂದೂ ಕೇಳಬೇಕು. ನನ್ನ ದೃಷ್ಟಿಯಲ್ಲಿ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ, ಅದನ್ನು ಕೇಳುವವರು ಬಹಳ ಕಡಿಮೆ.

ದಾಖಲೆಗಳನ್ನು ಎಲ್ಲಿಂದ ಪಡೆಯಬೇಕು

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರತಿ ವರ್ಷದ ಅಪರಾಧಗಳ ಬಗ್ಗೆ ವರದಿ ತರುತ್ತದೆ. ಅದರಲ್ಲಿ ಭಾರತೀಯ ನ್ಯಾಯ ಸಂಹಿತೆಯಂತಹ ಸಾಮಾನ್ಯ ಕಾನೂನಿನ ಅಪರಾಧಗಳು ಒಂದು ಭಾಗದಲ್ಲಿಯೂ, ವಿಶೇಷ ಮತ್ತು ಸ್ಥಳೀಯ ಕಾಯ್ದೆಗಳ ಅಪರಾಧಗಳು ಇನ್ನೊಂದು ಭಾಗದಲ್ಲಿಯೂ ಇರುತ್ತವೆ. ವಿದೇಶಿಯರ ಕಾಯ್ದೆಯ ಪ್ರಕರಣಗಳನ್ನು ಎರಡನೆಯ ಭಾಗದಲ್ಲಿ ಹುಡುಕಬೇಕು. ವಿದೇಶಿಯರು ಮಾಡಿದ ಅಪರಾಧಗಳಿಗೂ, ವಿದೇಶಿಯರ ಮೇಲೆ ನಡೆದ ಅಪರಾಧಗಳಿಗೂ ಪ್ರತ್ಯೇಕ ಕೋಷ್ಟಕಗಳಿವೆ. ಈ ವರದಿಯನ್ನು ಬಳಸುವಾಗ ಮೂರು ಎಚ್ಚರಿಕೆಗಳು ಬೇಕು. ಅದು ತಡವಾಗಿ ಬರುತ್ತದೆ. 2023ರ ವರದಿ ಹೊರಬಂದದ್ದು 2025ರ ಸೆಪ್ಟೆಂಬರ್ ಕೊನೆಯಲ್ಲಿ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತ್ಯಂತ ಗಂಭೀರವಾದ ಒಂದನ್ನಷ್ಟೇ ಅದು ಎಣಿಸುತ್ತದೆ. ಮೂರನೆಯದು ದಾವಣಗೆರೆಯವರು ವಿಶೇಷವಾಗಿ ನೆನಪಿಡಬೇಕಾದದ್ದು: 2011ರ ಜನಗಣತಿಯಲ್ಲಿ ಸುಮಾರು 19.45 ಲಕ್ಷ ಜನಸಂಖ್ಯೆ ಇದ್ದ ನಮ್ಮ ಜಿಲ್ಲೆಯಿಂದ ಹರಪನಹಳ್ಳಿ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಸೇರಿ, ಆಮೇಲೆ ವಿಜಯನಗರ ಜಿಲ್ಲೆಗೆ ಹೋಯಿತು. ಅದಕ್ಕೆ ಮುಂಚಿನ ಅಂಕಿಗಳನ್ನು ಈಗಿನ ಅಂಕಿಗಳ ಜೊತೆ ನೇರವಾಗಿ ಹೋಲಿಸಿ ‘ಅಪರಾಧ ಇಳಿಯಿತು’ ಎಂದರೆ ಒಂದು ತಾಲ್ಲೂಕೇ ಲೆಕ್ಕದಿಂದ ಹೊರಗೆ ಹೋದದ್ದನ್ನು ಸಾಧನೆ ಎಂದು ಕರೆದಂತಾಗುತ್ತದೆ.

ವಿಧಾನಮಂಡಲದ ಪ್ರಶ್ನೋತ್ತರ ಇನ್ನೊಂದು ಒಳ್ಳೆಯ ಮೂಲ. ಶಾಸಕರು ಕೇಳುವ ಚುಕ್ಕೆ ಗುರುತಿನ ಮತ್ತು ಚುಕ್ಕೆ ರಹಿತ ಪ್ರಶ್ನೆಗಳಿಗೆ ಗೃಹ ಸಚಿವರು ಕೊಡುವ ಲಿಖಿತ ಉತ್ತರಗಳ ಅನುಬಂಧದಲ್ಲಿ ಎಷ್ಟೋ ಸಲ ಜಿಲ್ಲಾವಾರು ಅಂಕಿಗಳು ಸಿಗುತ್ತವೆ. ಅವು ಕನ್ನಡದಲ್ಲೇ ಇರುತ್ತವೆ ಮತ್ತು ಸದನದಲ್ಲಿ ಹೇಳಿದ್ದಾದ್ದರಿಂದ ಅವುಗಳಿಗೆ ತೂಕವಿದೆ. ನಿಮ್ಮ ಕ್ಷೇತ್ರದ ಶಾಸಕರಿಗೆ ಅಧಿವೇಶನಕ್ಕೆ ಸಾಕಷ್ಟು ಮೊದಲೇ ಪ್ರಶ್ನೆಯ ಕರಡನ್ನು ಬರೆದುಕೊಟ್ಟರೆ ಅದನ್ನು ಅವರು ಸಲ್ಲಿಸುವ ಸಾಧ್ಯತೆ ಹೆಚ್ಚು. ಹಣದ ಲೆಕ್ಕಕ್ಕೆ ರಾಜ್ಯ ಬಜೆಟ್ಟಿನಲ್ಲಿ ಪೊಲೀಸ್ ವೆಚ್ಚದ 2055 ಎಂಬ ಲೆಕ್ಕ ಶೀರ್ಷಿಕೆಯನ್ನು ನೋಡಬೇಕು. ವಲಸೆಗೆ ಸಂಬಂಧಿಸಿದ ದೊಡ್ಡ ಖರ್ಚು ಅಲ್ಲಿ ಕಾಣುವುದಿಲ್ಲ, ಅದು ಕೇಂದ್ರ ಗೃಹ ಸಚಿವಾಲಯದ ಅನುದಾನದಲ್ಲಿರುತ್ತದೆ. ಉದಾಹರಣೆಗೆ ವೀಸಾ, ವಿದೇಶಿಯರ ನೋಂದಣಿ ಮತ್ತು ಚಲನವಲನ ದಾಖಲೆಯ ಗಣಕ ವ್ಯವಸ್ಥೆಗೆ 2021ರಿಂದ 2026ರ ಮಾರ್ಚ್‌ವರೆಗೆ ಸುಮಾರು 1,365 ಕೋಟಿ ರೂಪಾಯಿಗೆ ಕೇಂದ್ರ ಸಂಪುಟ ಒಪ್ಪಿಗೆ ನೀಡಿತ್ತು. ಗಣಕ ವ್ಯವಸ್ಥೆಗೆ ದೆಹಲಿಯಿಂದ ಹಣ ಬರುತ್ತದೆ, ಶೆಡ್ಡಿಗೆ ನಡೆದುಹೋಗುವ ಪೇದೆಯ ಸಂಬಳ ರಾಜ್ಯದ 2055ರಿಂದ ಬರುತ್ತದೆ.

ಠಾಣೆಯ ಮಟ್ಟದ ವಿವರಕ್ಕೆ ಮಾಹಿತಿ ಹಕ್ಕು ಕಾಯ್ದೆ, 2005 ಬಿಟ್ಟರೆ ಬೇರೆ ದಾರಿ ಇಲ್ಲ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮಗಳಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು ಎಂಬ ಷರತ್ತು ಇದೆ. ವಲಸೆ ತಪಾಸಣೆ ಮತ್ತು ಕಳವು ಎರಡನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ಅದು ತಿರಸ್ಕೃತವಾಗಲು ನೀವೇ ಕಾರಣ ಕೊಟ್ಟಂತೆ. ಎರಡು ಪ್ರತ್ಯೇಕ ಅರ್ಜಿಗಳನ್ನು ಒಂದೇ ದಿನ, ಒಂದೇ ಅವಧಿಗೆ ಸಂಬಂಧಿಸಿದಂತೆ ಸಲ್ಲಿಸುವುದು ಸರಿಯಾದ ಕ್ರಮ. ಇಲಾಖೆ ನಿಮಗಾಗಿ ಹೊಸ ಲೆಕ್ಕ ತಯಾರಿಸಿಕೊಡಬೇಕಾಗಿಲ್ಲ, ತನ್ನ ಬಳಿ ಇರುವ ದಾಖಲೆಯನ್ನು ಕೊಡಬೇಕು ಎಂಬುದು ಸುಪ್ರೀಂ ಕೋರ್ಟ್ ಒಪ್ಪಿರುವ ನಿಲುವು. ಅದಕ್ಕಾಗಿ ‘ಏಕೆ’, ‘ಹೇಗೆ’ ಎಂಬ ಪ್ರಶ್ನೆಗಳನ್ನು ಬಿಟ್ಟು, ದಾಖಲೆಯ ಪ್ರತಿಯನ್ನೇ ಕೇಳಬೇಕು. ಮೊದಲ ಅರ್ಜಿಯ ಒಕ್ಕಣೆ ಹೀಗಿರಬಹುದು:

‘2023ರ ಜನವರಿ 1ರಿಂದ 2025ರ ಡಿಸೆಂಬರ್ 31ರವರೆಗೆ ದಾವಣಗೆರೆ ಜಿಲ್ಲೆಯ ಪ್ರತಿ ಪೊಲೀಸ್ ಠಾಣೆಯಲ್ಲಿ ವಿದೇಶಿಯರಿಗೆ ಸಂಬಂಧಿಸಿದ ಕಾಯ್ದೆಗಳ ಅಡಿಯಲ್ಲಿ ದಾಖಲಾದ ಪ್ರಕರಣಗಳು, ದಸ್ತಗಿರಿಯಾದವರು, ದೋಷಾರೋಪಣಾ ಪಟ್ಟಿ ಸಲ್ಲಿಕೆಯಾದ ಪ್ರಕರಣಗಳು, ಶಿಕ್ಷೆಯಾದ ಪ್ರಕರಣಗಳು, ಸ್ವದೇಶಕ್ಕೆ ಕಳುಹಿಸಲಾದವರು ಮತ್ತು ಭಾರತೀಯರೆಂದು ಖಚಿತವಾಗಿ ಬಿಡುಗಡೆಯಾದವರು ಇವುಗಳ ವರ್ಷವಾರು ಸಂಖ್ಯೆಯನ್ನು ತೋರಿಸುವ ತಖ್ತೆಗಳ ದೃಢೀಕೃತ ಪ್ರತಿಗಳು, ಹೊರರಾಜ್ಯದ ಕಾರ್ಮಿಕರ ದಾಖಲೆ ಪರಿಶೀಲನೆಗಾಗಿ ಇದೇ ಅವಧಿಯಲ್ಲಿ ಹೊರಡಿಸಲಾದ ಸಿಬ್ಬಂದಿ ನಿಯೋಜನೆ ಆದೇಶಗಳ ಪ್ರತಿಗಳು. ಯಾವುದೇ ವ್ಯಕ್ತಿಯ ಹೆಸರು ಅಥವಾ ವಿಳಾಸವನ್ನು ಕೋರಿರುವುದಿಲ್ಲ.’

ಕೊನೆಯ ವಾಕ್ಯವನ್ನು ಬಿಡಬೇಡಿ. ಖಾಸಗಿತನದ ಕಾರಣ ಕೊಟ್ಟು ಅರ್ಜಿಯನ್ನು ತಳ್ಳಿಹಾಕಲು ಅದು ಅವಕಾಶ ಕೊಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಬಡ ಕಾರ್ಮಿಕರ ಹೆಸರುಗಳ ಪಟ್ಟಿಯೊಂದು ಊರಿನಲ್ಲಿ ಕೈಯಿಂದ ಕೈಗೆ ಹರಿದಾಡುವಂತಾಗಬಾರದು. ತನಿಖೆಗೆ ಅಡ್ಡಿಯಾಗುತ್ತದೆ ಎಂದು 8(1)(ಎಚ್) ಕಲಮನ್ನು ಉಲ್ಲೇಖಿಸಿ ಉತ್ತರ ನಿರಾಕರಿಸಿದರೆ, ಮುಗಿದ ವರ್ಷಗಳ ಒಟ್ಟು ಸಂಖ್ಯೆಯಿಂದ ಯಾವ ತನಿಖೆಗೆ ಹೇಗೆ ಅಡ್ಡಿ ಎಂದು ತೋರಿಸಬೇಕಾದವರು ಅವರೇ ಎಂಬ ಕಾರಣ ಕೊಟ್ಟು 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು, ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಹೋಗಬೇಕು. ಎರಡನೆಯ ಅರ್ಜಿಯಲ್ಲಿ ಮನೆಗಳ್ಳತನ, ವಾಹನ ಕಳವು, ಸುಲಿಗೆ ಮತ್ತು ಸೈಬರ್ ವಂಚನೆಗಳ ವರದಿ, ಪತ್ತೆ, ಮಾಲು ವಶ, ಶಿಕ್ಷೆ ಇವುಗಳ ಮಾಸಿಕ ಅಪರಾಧ ಪರಿಶೀಲನಾ ಸಭೆಯ ತಖ್ತೆಗಳನ್ನು ಕೇಳಬೇಕು. ಠಾಣೆಗೆ ಮಂಜೂರಾದ ಹುದ್ದೆಗಳು ಎಷ್ಟು, ಖಾಲಿ ಎಷ್ಟು ಎಂಬುದು ಕಾಯ್ದೆಯ 4(1)(ಬಿ) ಕಲಮಿನ ಪ್ರಕಾರ ಇಲಾಖೆ ತಾನಾಗಿಯೇ ಪ್ರಕಟಿಸಬೇಕಾದ ವಿವರಗಳಿಗೆ ಹತ್ತಿರವಾದದ್ದು; ಅದನ್ನು ಮೊದಲು ಜಾಲತಾಣದಲ್ಲಿ ನೋಡಿ, ಸಿಗದಿದ್ದರೆ ಮಾತ್ರ ಬೇರೊಂದು ಅರ್ಜಿ ಹಾಕಬಹುದು. ಪೂರ್ವ ವಲಯದ ಪೊಲೀಸ್ ಮಹಾನಿರೀಕ್ಷಕರ ಕಚೇರಿ ದಾವಣಗೆರೆಯಲ್ಲೇ ಇದ್ದು ಚಿತ್ರದುರ್ಗವೂ ಅದರ ವ್ಯಾಪ್ತಿಯಲ್ಲಿರುವುದರಿಂದ, ಎರಡು ಜಿಲ್ಲೆಗಳ ಹೋಲಿಕೆ ಬೇಕಾದವರಿಗೆ ಆ ಕಚೇರಿಯೂ ಉಪಯುಕ್ತ.

ಅಂಕಿಗಳನ್ನು ಸಮಯವಾಗಿ ಬದಲಿಸುವುದು

ತಖ್ತೆಗಳು ಕೈಗೆ ಬಂದ ಮೇಲೆ ಮಾಡಬೇಕಾದ ಮುಖ್ಯ ಕೆಲಸವೆಂದರೆ ಅವುಗಳನ್ನು ಸಿಬ್ಬಂದಿಯ ದುಡಿಮೆಯ ಗಂಟೆಗಳಾಗಿ ಓದುವುದು. ಇದಕ್ಕೆ ಪರಿಶೀಲನೆ ಹೇಗೆ ನಡೆಯುತ್ತದೆ ಎಂದು ತಿಳಿದಿರಬೇಕು. ಬೈಪಾಸ್ ಬಳಿ ಕಟ್ಟುತ್ತಿರುವ ಒಂದು ಅಪಾರ್ಟ್‌ಮೆಂಟ್‌ನ ಹಿಂದೆ ತಗಡಿನ ಶೆಡ್ಡುಗಳಲ್ಲಿ ನಲವತ್ತು ಮಂದಿ ಸೆಂಟ್ರಿಂಗ್ ಮತ್ತು ಗಾರೆ ಕೆಲಸದವರು ಇದ್ದಾರೆ ಎಂದುಕೊಳ್ಳೋಣ. ಪರಿಶೀಲನೆಗೆ ಬಂದವರು ಮೊದಲು ಮೇಸ್ತ್ರಿಯಿಂದ ಪಟ್ಟಿ ಪಡೆಯುತ್ತಾರೆ. ಒಬ್ಬೊಬ್ಬರನ್ನೇ ನಿಲ್ಲಿಸಿ ಚೀಟಿಯ ಎರಡೂ ಬದಿಯ ಫೋಟೊ ತೆಗೆದು, ಮೊಬೈಲ್ ಸಂಖ್ಯೆ, ಊರು, ಪೋಷಕರ ಹೆಸರು ಬರೆದುಕೊಳ್ಳುತ್ತಾರೆ. ಭಾಷೆ ಬಾರದ ಕಡೆ ಮೇಸ್ತ್ರಿಯೇ ದುಭಾಷಿ. ಅನುಮಾನ ಬಂದವರ ವಿಷಯದಲ್ಲಿ ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಅಥವಾ ಮಾಲ್ದಾ ಜಿಲ್ಲೆಯ ಠಾಣೆಗೆ ಪತ್ರ ಹೋಗಬೇಕು, ಅಲ್ಲಿನ ಸಿಬ್ಬಂದಿ ಹಳ್ಳಿಗೆ ಹೋಗಿ ವಿಚಾರಿಸಿ ಉತ್ತರ ಬರೆಯಬೇಕು. ಅಷ್ಟರಲ್ಲಿ ಆ ಕಾರ್ಮಿಕ ಹುಬ್ಬಳ್ಳಿಗೋ ತುಮಕೂರಿಗೋ ಬೇರೆ ಕೆಲಸಕ್ಕೆ ಹೋಗಿರುತ್ತಾನೆ. ಅವನು ತಲೆಮರೆಸಿಕೊಂಡನೆಂದು ಯಾರಾದರೂ ಬರೆದುಬಿಟ್ಟರೆ ಸಹಜವಾಗಿ ಕೆಲಸ ಬದಲಿಸಿದ ಭಾರತೀಯನೊಬ್ಬ ಅನುಮಾನಿತರ ಪಟ್ಟಿಗೆ ಸೇರುತ್ತಾನೆ. ಬಾಂಗ್ಲಾದೇಶದಲ್ಲಿಯೂ ಪಶ್ಚಿಮ ಬಂಗಾಳದಲ್ಲಿಯೂ ಆಡುವ ಭಾಷೆ ಒಂದೇ ಆಗಿರುವುದರಿಂದ, ಮಾತಿನ ಮೇಲೆ ಅಥವಾ ಮುಖದ ಮೇಲೆ ನಡೆಯುವ ತಪಾಸಣೆ ಎಷ್ಟು ಗಂಟೆ ನಡೆದರೂ ಅದರಿಂದ ನಿಜ ತಿಳಿಯುವುದಿಲ್ಲ.

ಎರಡೂ ಬಗೆಯ ಕೆಲಸಕ್ಕೆ ಒಂದೇ ಅಳತೆಯನ್ನು ಅನ್ವಯಿಸಬೇಕು: ಇಷ್ಟು ದಿನಗಳ ದುಡಿಮೆಯಿಂದ ಯಾರಿಗೆ, ಯಾವ ಹಾನಿ ತಪ್ಪಿತು? ನಕಲಿ ಆಧಾರ್ ಮಾಡಿಕೊಡುವ ಅಂಗಡಿ, ಜನರನ್ನು ಗಡಿ ದಾಟಿಸಿ ಗುತ್ತಿಗೆದಾರರಿಗೆ ಒಪ್ಪಿಸುವ ದಲ್ಲಾಳಿ, ಕೂಲಿ ಉಳಿಸಿಕೊಂಡು ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವ ಮಾಲೀಕ ಇವರನ್ನು ಹಿಡಿದ ವಲಸೆ ಪ್ರಕರಣಕ್ಕೆ ಹೆಚ್ಚಿನ ಬೆಲೆ ಇದೆ, ಏಕೆಂದರೆ ಆ ಜಾಲ ಸಾಮಾನ್ಯ ಅಪರಾಧವೂ ಹೌದು. ಬರಿಯ ಕಾರ್ಮಿಕರ ತಲೆ ಎಣಿಕೆಯಲ್ಲಿ ಮುಗಿದ ಕಾರ್ಯಾಚರಣೆಗೆ ಆ ಬೆಲೆ ಇಲ್ಲ. ನಿಮ್ಮ ತಖ್ತೆಯಲ್ಲಿ ಈ ಎರಡನ್ನೂ ಬೇರೆ ಬೇರೆ ಸಾಲುಗಳಲ್ಲಿ ಬರೆಯಿರಿ. ಸೈಬರ್ ವಂಚನೆಯನ್ನು ಇನ್ನೊಂದು ಸಾಲಿನಲ್ಲಿ ಬರೆಯಿರಿ. ಯಾವ ಗಡಿಯನ್ನೂ ದಾಟದೆ, ಎಲ್ಲೋ ಕುಳಿತು, ದಾವಣಗೆರೆಯ ನಿವೃತ್ತ ಶಿಕ್ಷಕರ ಖಾತೆಯನ್ನು ಬರಿದು ಮಾಡುವವರ ಪತ್ತೆಗೆ ಜಿಲ್ಲೆಯ ಸೈಬರ್, ಆರ್ಥಿಕ ಮತ್ತು ಮಾದಕ ಅಪರಾಧ ಠಾಣೆಯಲ್ಲಿ ಎಷ್ಟು ಸಿಬ್ಬಂದಿ ಇದ್ದಾರೆ ಎಂಬುದನ್ನು, ತಪಾಸಣಾ ಕಾರ್ಯಾಚರಣೆಗೆ ನಿಯೋಜಿತರಾದವರ ಸಂಖ್ಯೆಯ ಪಕ್ಕದಲ್ಲಿ ಇಟ್ಟಾಗ ಆದ್ಯತೆಯ ಚಿತ್ರ ತಾನಾಗಿ ಮೂಡುತ್ತದೆ.

ಇನ್ನೊಂದು ನಷ್ಟ ಯಾವ ತಖ್ತೆಗೂ ಬರುವುದಿಲ್ಲ. ಠಾಣೆ ಎಂದರೆ ಚೀಟಿ ಕೇಳುವ ಜಾಗ ಎಂಬ ಭಯ ಶೆಡ್ಡುಗಳಲ್ಲಿ ಕೂತುಬಿಟ್ಟರೆ, ಸಂಬಳದ ರಾತ್ರಿ ಫೋನು, ದುಡ್ಡು ಕಿತ್ತುಕೊಂಡು ಹೋದವರ ಮೇಲೆ ದೂರು ಕೊಡಲು ಒಡಿಶಾದ ಹುಡುಗನೂ ಬರುವುದಿಲ್ಲ, ಬಿಹಾರದವನೂ ಬರುವುದಿಲ್ಲ. ಅವನನ್ನು ದೋಚಿದವರು ನಾಳೆ ನಮ್ಮ ನಿಮ್ಮ ಮನೆಯವರ ಸರಕ್ಕೆ ಕೈ ಹಾಕುತ್ತಾರೆ, ಮತ್ತು ಅವರ ಮುಖ ನೋಡಿದ್ದ ಏಕೈಕ ಸಾಕ್ಷಿ ಊರು ಬಿಟ್ಟು ಹೋಗಿರುತ್ತಾನೆ. ಇದನ್ನು ತಿಳಿಯಲು ಗುತ್ತಿಗೆದಾರರನ್ನು, ಶೆಡ್ಡಿನ ಪಕ್ಕದ ಚಹಾ ಅಂಗಡಿಯವರನ್ನು, ಕಾರ್ಮಿಕ ಸಂಘದವರನ್ನು ಮಾತನಾಡಿಸಬೇಕು.

ಅಮೆರಿಕದಲ್ಲಿ ಮಕ್ಕಳಿರುವ ಮನೆಗಳು ದಾವಣಗೆರೆಯಲ್ಲಿ ಸಾಕಷ್ಟಿರುವುದರಿಂದ ಅಲ್ಲಿಯ ಸ್ಥಿತಿಯನ್ನೂ ಇದೇ ಅಳತೆಯಿಂದ ನೋಡಬಹುದು. ಒಕ್ಕೂಟ ಸರ್ಕಾರ ತನ್ನ ಕಾರ್ಯಕ್ರಮವನ್ನು ಜಾರಿ ಮಾಡಲು ಸ್ಥಳೀಯ ಪೊಲೀಸರನ್ನು ಬಲವಂತವಾಗಿ ದುಡಿಸಿಕೊಳ್ಳುವಂತಿಲ್ಲ ಎಂದು ಅಲ್ಲಿಯ ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿದೆ. ಸ್ಥಳೀಯ ಪೊಲೀಸರು ಒಪ್ಪಂದ ಮಾಡಿಕೊಂಡರೆ ಮಾತ್ರ ವಲಸೆ ಕಾನೂನನ್ನು ಜಾರಿ ಮಾಡಬಹುದು. ಹೀಗಾಗಿ ಅಲ್ಲಿ ಆದ್ಯತೆಯ ಬದಲಾವಣೆ ಒಕ್ಕೂಟದ ಹಣದಲ್ಲಿ ಎದ್ದು ಕಾಣುತ್ತದೆ. 2025ರ ಜುಲೈ 4ರಂದು ಸಹಿಯಾದ ಕಾನೂನು ಬಂಧನ ಕೇಂದ್ರಗಳಿಗೆಂದೇ ಸುಮಾರು 45 ಬಿಲಿಯನ್ ಡಾಲರ್ ಕೊಟ್ಟಿತು. ಅದೇ ವರ್ಷ ಮಾದಕ ವಸ್ತು, ಬಂದೂಕು ಅಪರಾಧಗಳನ್ನು ನೋಡಿಕೊಳ್ಳುವ ಒಕ್ಕೂಟದ ಸಂಸ್ಥೆಗಳ ಅಧಿಕಾರಿಗಳನ್ನು ವಲಸೆ ಕಾರ್ಯಾಚರಣೆಗಳಿಗೆ ತೊಡಗಿಸಲಾಯಿತು. ನಮ್ಮಲ್ಲಿ ಅಂತಹ ಪ್ರತ್ಯೇಕ ಪಡೆ ಜಿಲ್ಲೆಗಳಲ್ಲಿ ಇಲ್ಲದ ಕಾರಣ, ಅದೇ ಬದಲಾವಣೆ ಬಜೆಟ್ಟಿನಲ್ಲಿ ಕಾಣದೆ ಠಾಣೆಯ ನಿಯೋಜನೆ ಆದೇಶಗಳಲ್ಲಿ ಮಾತ್ರ ಕಾಣುತ್ತದೆ.

ನಿಮ್ಮ ಪಾಲಿನ ಕರ್ತವ್ಯ ಮತ್ತು ಮಿತಿ

ಲಾಡ್ಜ್, ಹಾಸ್ಟೆಲ್, ಪೇಯಿಂಗ್ ಗೆಸ್ಟ್ ನಡೆಸುವವರು ವಿದೇಶಿಯರು ಬಂದ 24 ಗಂಟೆಗಳೊಳಗೆ ಆನ್‌ಲೈನ್ ಮೂಲಕ ಮಾಹಿತಿ ಸಲ್ಲಿಸಬೇಕು. ಕಾಲೇಜುಗಳಿಗೂ ಆಸ್ಪತ್ರೆಗಳಿಗೂ ಹೊಸ ಕಾಯ್ದೆಯಲ್ಲಿ ಇಂತಹದೇ ಹೊಣೆ ಇದೆ. 180 ದಿನಗಳಿಗಿಂತ ಹೆಚ್ಚಿನ ವಿದ್ಯಾರ್ಥಿ ವೀಸಾದಲ್ಲಿ ಬಂದವರು 14 ದಿನಗಳೊಳಗೆ ನೋಂದಾಯಿಸಿಕೊಳ್ಳಬೇಕು. ಈ ಕಾಗದದ ಕೆಲಸವನ್ನು ನಾವು ಸರಿಯಾಗಿ ಮಾಡಿದಷ್ಟೂ ಪೊಲೀಸರು ಮನೆ ಮನೆ ಹುಡುಕುವ ಹೊತ್ತು ಉಳಿಯುತ್ತದೆ.

ನೇಪಾಳದವರ ವಿಷಯ ಬೇರೆ. 1950ರ ಭಾರತ–ನೇಪಾಳ ಒಪ್ಪಂದದ ಬಳಿಕ ಅವರು ಇಲ್ಲಿ ವೀಸಾ ಇಲ್ಲದೆಯೇ ವಾಸಿಸಬಹುದು, ದುಡಿಯಬಹುದು. ರಾತ್ರಿ ಸೀಟಿ ಊದುತ್ತಾ ಬಡಾವಣೆ ಕಾಯುವ ಗೂರ್ಖಾ ಅಕ್ರಮ ವಲಸಿಗನಲ್ಲ. ಚಳಿಗಾಲಕ್ಕೆ ಸ್ವೆಟರ್ ಮಾರಲು ಬರುವ ಟಿಬೆಟಿಯನ್ನರು ಬೈಲಕುಪ್ಪೆ, ಮುಂಡಗೋಡದಂತಹ ಸರ್ಕಾರಿ ಮಾನ್ಯತೆಯ ನೆಲೆಗಳವರು, ನೋಂದಣಿ ಪತ್ರ ಹೊಂದಿದವರು. ಬೇರೆ ರಾಜ್ಯದ ಭಾರತೀಯರಿಗೆ ಸಂವಿಧಾನದ 19ನೆಯ ವಿಧಿಯೇ ದೇಶದ ಎಲ್ಲೆಡೆ ಓಡಾಡುವ, ನೆಲೆಸುವ ಹಕ್ಕು ಕೊಟ್ಟಿದೆ. ಆಧಾರ್ ಪೌರತ್ವದ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯೇ ಹೇಳುತ್ತದೆ, ನಿಜ. ಆದರೆ ಆಧಾರ್ ಇಲ್ಲದವರು ವಿದೇಶಿಯರು ಎಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಜನನದಿಂದ ಬರುವ ಪೌರತ್ವಕ್ಕೆ 1955ರ ಕಾಯ್ದೆಯಲ್ಲಿ ಮೂರು ಕಾಲಘಟ್ಟಗಳಿವೆ: 1987ರ ಜುಲೈ 1ಕ್ಕೆ ಮುಂಚೆ ಇಲ್ಲಿ ಹುಟ್ಟಿದವರಿಗೆ ಹುಟ್ಟೇ ಸಾಕು, ಅಲ್ಲಿಂದ 2004ರ ಡಿಸೆಂಬರ್ 3ರ ಮುಂಚಿನವರೆಗೆ ಹುಟ್ಟಿದವರಿಗೆ ತಂದೆ ತಾಯಿಗಳಲ್ಲಿ ಒಬ್ಬರು ಭಾರತೀಯರಾಗಿರಬೇಕು, ಆಮೇಲೆ ಹುಟ್ಟಿದವರಿಗೆ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಇಷ್ಟು ಸೂಕ್ಷ್ಮವಾದ ಪ್ರಶ್ನೆಯನ್ನು ಬೀದಿಯಲ್ಲಿ ನಿಂತು ತೀರ್ಮಾನಿಸುವ ಅಧಿಕಾರ ಯಾವ ಸಂಘಟನೆಗೂ, ಯಾವ ಬಡಾವಣೆ ಸಮಿತಿಗೂ ಇಲ್ಲ. ಗಂಭೀರ ಅನುಮಾನವಿದ್ದರೆ 112ಕ್ಕೆ ಅಥವಾ ಠಾಣೆಗೆ ತಿಳಿಸಿ ಅಲ್ಲಿಗೆ ನಿಲ್ಲಬೇಕು. ಶೆಡ್ಡಿನ ಮುಂದೆ ಗುಂಪು ಸೇರಿ ಚೀಟಿ ಕೇಳುವುದು, ವಿಡಿಯೊ ಮಾಡಿ ಹರಡುವುದು ಸ್ವತಃ ಅಪರಾಧವಾಗಬಹುದು, ಅದನ್ನು ನಿಯಂತ್ರಿಸಲು ಮತ್ತೆ ಅದೇ ಪೊಲೀಸರು ಓಡಿಬರಬೇಕಾಗುತ್ತದೆ.

ನಿಮಗೆ ಪರಿಚಿತ ಕಾರ್ಮಿಕರೊಬ್ಬರನ್ನು ಠಾಣೆಗೆ ಕರೆದೊಯ್ದರೆ ಗಾಬರಿಯಾಗುವ ಅಗತ್ಯವಿಲ್ಲ, ಆದರೆ ತಡ ಮಾಡಬಾರದು. ಜೀವಿಸುವ ಮತ್ತು ಸ್ವಾತಂತ್ರ್ಯದ ಹಕ್ಕು ವಿದೇಶಿಯರಿಗೂ ಇದೆ ಎಂದು ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ. ಬಂಧಿಸಿದವರನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧಿತರ ವಿವರ ಕೊಡಲು ಪ್ರತಿ ಠಾಣೆಯಲ್ಲಿ ಗೊತ್ತುಪಡಿಸಿದ ಅಧಿಕಾರಿ ಇರಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೆಯ ಕಲಮು ಹೇಳುತ್ತದೆ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಕರೆ ಮಾಡಬಹುದು ಅಥವಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು. ಊರಿನ ಪಂಚಾಯಿತಿಯ ಪತ್ರ, ಶಾಲೆಯ ವರ್ಗಾವಣೆ ಪತ್ರ, ಜನನ ಪ್ರಮಾಣಪತ್ರ, ತಂದೆ ತಾಯಿಯ ಮತದಾರರ ಪಟ್ಟಿಯ ಪುಟ ಇವುಗಳನ್ನು ಮನೆಯವರಿಂದ ತರಿಸಿ, ಒಂದು ಪ್ರತಿಗೆ ಠಾಣೆಯ ಸ್ವೀಕೃತಿ ಪಡೆದು ಇಟ್ಟುಕೊಳ್ಳಬೇಕು.

ಸಾಮಾನ್ಯ ಅಪರಾಧದಲ್ಲಿ ನಷ್ಟ ಅನುಭವಿಸಿದವರು ದೂರು ದಾಖಲಾಗುವವರೆಗೆ ಬಿಡಬಾರದು, ಏಕೆಂದರೆ ದಾಖಲಾಗದ ಕಳವು ಯಾವ ಆದ್ಯತೆಯ ಲೆಕ್ಕಕ್ಕೂ ಸೇರುವುದಿಲ್ಲ. ಗುರುತಿಸಬಹುದಾದ, ಅಂದರೆ ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪು ಕೊಟ್ಟಿದೆ. ಘಟನೆ ಬೇರೆ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ದೂರು ಪಡೆಯಬೇಕು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು, ತನಿಖೆ ಎಲ್ಲಿಗೆ ಬಂದಿದೆ ಎಂದು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕು. ಠಾಣೆ ನಿರಾಕರಿಸಿದರೆ ದೂರನ್ನು ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸಬಹುದು. ಸೈಬರ್ ವಂಚನೆಯಾದರೆ ಎಲ್ಲಕ್ಕಿಂತ ಮೊದಲು 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಯಲು ಮೊದಲ ಒಂದೆರಡು ಗಂಟೆಗಳೇ ಮುಖ್ಯ.

ಸಂಗ್ರಹಿಸಿದ ಲೆಕ್ಕವನ್ನು ಎಲ್ಲಿಗೆ ಒಯ್ಯಬೇಕು ಎಂಬುದು ಉಳಿದ ಪ್ರಶ್ನೆ. ಠಾಣೆಯಲ್ಲಿ ನಡೆಯುವ ಬೀಟ್ ಸಮಿತಿಯ ಸಭೆ, 2025ರಲ್ಲಿ ಆರಂಭವಾದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮದಲ್ಲಿ ಬಾಗಿಲಿಗೆ ಬರುವ ಸಿಬ್ಬಂದಿ, ಜಿಲ್ಲಾ ಉಸ್ತುವಾರಿ ಸಚಿವರ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಗೆ ಮುನ್ನ ಶಾಸಕರ ಕಚೇರಿ, ಈ ಮೂರೂ ಕಡೆ ಒಂದೇ ಪುಟದ ಟಿಪ್ಪಣಿಯನ್ನು ಕೊಡಬೇಕು. ಪುಟದ ಮೇಲ್ಭಾಗದಲ್ಲಿ ನಿಮ್ಮ ಠಾಣೆಯ ಖಾಲಿ ಹುದ್ದೆಗಳು, ಅದರ ಕೆಳಗೆ ಎರಡೂ ಬಗೆಯ ಕೆಲಸಕ್ಕೆ ಹೋದ ದಿನಗಳು ಮತ್ತು ಫಲಿತಾಂಶ, ಕೊನೆಯಲ್ಲಿ ಒಂದೇ ಒಂದು ಬೇಡಿಕೆ ಇರಲಿ. ಕೆಲಸ ಮಾಡುವ ಪೇದೆಯನ್ನು ದೂಷಿಸುವ ಒಂದು ಸಾಲೂ ಅದರಲ್ಲಿ ಬೇಡ. ಅವರ ದಿನವನ್ನು ಎರಡು ಸರ್ಕಾರಗಳು ಹಂಚಿಕೊಂಡಿವೆ, ಹಂಚಿಕೆಯ ನಿರ್ಧಾರ ಅವರದಲ್ಲ. ತಪಾಸಣೆಗೆ ಹೆಚ್ಚುವರಿ ಕೆಲಸ ಕೊಡುವ ಆದೇಶದ ಜೊತೆಯಲ್ಲೇ ಅದಕ್ಕೆ ಬೇಕಾದ ಹೆಚ್ಚುವರಿ ಸಿಬ್ಬಂದಿಯನ್ನೂ ಕೊಡಬೇಕು, ಕೊಡದಿದ್ದರೆ ಯಾವ ಗಸ್ತು ಕಡಿತವಾಗುತ್ತದೆ ಎಂಬುದನ್ನು ಆ ಆದೇಶದಲ್ಲೇ ಬರೆಯಬೇಕು ಎಂಬುದನ್ನೇ ಮೊದಲ ಬೇಡಿಕೆಯಾಗಿ ಇಡಬಹುದು.